ಆಷಾಢದ ಅಂಗಡಿ, ಕೈಯಲ್ಲೊಂದು ಫೋನು

ಆಷಾಢ ಬಂತು ಅಂದರೆ ಸೀರೆ ಅಂಗಡಿಯವರಿಗೆ ಎರಡೇ ಕೆಲಸ. ಒಂದು, ಬಾಗಿಲಿಗೆ ‘ಆಷಾಢ ಸೇಲ್’ ಅಂತ ಬ್ಯಾನರ್ ಕಟ್ಟುವುದು. ಇನ್ನೊಂದು, ಅದರ ಕೆಳಗೆ ಕೂತು ನೊಣ ಹೊಡೆಯುವುದು. ಮದುವೆ ಇಲ್ಲ, ನಿಶ್ಚಿತಾರ್ಥ ಇಲ್ಲ, ಗೃಹಪ್ರವೇಶ ಇಲ್ಲ. ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಿರುತ್ತಾಳೆ. ಊರ ಕಡೆಯ ಗಿರಾಕಿಗಳ ಕೈಯಲ್ಲಿದ್ದ ದುಡ್ಡು ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಪೇಟೆಯವರದ್ದು ಮಕ್ಕಳ ಶಾಲೆ ಫೀಗೆ ಹೋಗಿರುತ್ತದೆ. ಇದರ ಮೇಲೆ ಧಾರವಾಡದ ಮಳೆ. ಜೋರಾಗಿ ಸುರಿದು ನಿಲ್ಲುವ ಮಳೆಯಾದರೆ ಪರವಾಗಿಲ್ಲ. ಇದು ಬೆಳಗ್ಗೆಯಿಂದ ರಾತ್ರಿವರೆಗೆ ಜಿಟಿಜಿಟಿ ಅನ್ನುವ ಮಳೆ. ಯಾರು ತಾನೇ ಛತ್ರಿ ಹಿಡಿದುಕೊಂಡು ಸೀರೆ ನೋಡಲು ಬರುತ್ತಾರೆ?

ನನ್ನದು ಸಣ್ಣ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಸ್ವಲ್ಪ ಕಸೂತಿ ಕೆಲಸ. ಬಾಡಿಗೆ, ಕರೆಂಟ್ ಬಿಲ್, ಕೆಲಸದ ಹುಡುಗಿಯ ಸಂಬಳ ಇವಕ್ಕೆಲ್ಲ ಆಷಾಢ ಗೊತ್ತಿಲ್ಲ. ತಿಂಗಳು ತಿಂಗಳು ಸರಿಯಾಗಿ ಬರುತ್ತವೆ.

ಆಷಾಢ ಸೇಲ್ ಅನ್ನುವುದು ಒಳ್ಳೆಯ ಯೋಚನೆಯೇ. ಜನ ಏನೂ ಕೊಳ್ಳಬಾರದು ಅಂತ ನಂಬಿದ್ದ ತಿಂಗಳಿಗೆ ಕೊಳ್ಳುವ ತಿಂಗಳು ಅಂತ ಹೆಸರು ಕೊಟ್ಟರಲ್ಲ, ಆ ಜಾಣತನ ಮೆಚ್ಚಬೇಕು. ಆದರೆ ಅದು ದೊಡ್ಡವರ ಆಟ. ಮೂರು ಮಹಡಿಯ ಅಂಗಡಿಯವರು ಅರ್ಧ ಬೆಲೆಗೆ ಕೊಡುವುದು ಉಳಿದುಹೋದ ಮಾಲನ್ನು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಅಷ್ಟು ಮಾರ್ಜಿನ್ ಎಲ್ಲಿದೆ? ಬೆಲೆ ಇಳಿಸಿದರೆ ಆ ಹೊರೆ ಕೊನೆಗೆ ನೇಕಾರರ ಕೂಲಿಯ ಮೇಲೆ ಹೋಗಿ ಬೀಳುತ್ತದೆ. ಇನ್ನೊಂದು ವಿಷಯವೂ ಇದೆ. ಒಮ್ಮೆ ಇಳಿಸಿದ ಬೆಲೆ ಗಿರಾಕಿಯ ನೆನಪಿನಲ್ಲಿ ಕೂತುಬಿಡುತ್ತದೆ. ಶ್ರಾವಣದಲ್ಲಿ ಬಂದು “ಹೋದ ತಿಂಗಳು ಕಮ್ಮಿ ಇತ್ತಲ್ರೀ” ಅಂದರೆ ಏನು ಹೇಳುವುದು?

ಹಾಗಾಗಿ ನಾನು ಬ್ಯಾನರ್ ಕಟ್ಟುವುದನ್ನು ಬಿಟ್ಟೆ. ಬದಲಿಗೆ ಆಷಾಢವನ್ನು ಫೋನ್ ಹಿಡಿದುಕೊಂಡು ಆಟ ಆಡುವ ತಿಂಗಳು ಅಂತ ಮಾಡಿಕೊಂಡೆ. ಆಟ ಅನ್ನುವುದು ಸುಮ್ನೆ ಅಲ್ಲ. ಮದುವೆ ಸೀಸನ್ನಿನಲ್ಲಿ ಹೊಸದೇನಾದರೂ ಮಾಡಿ ನೋಡಲು ಧೈರ್ಯವೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಎದುರಿಗೆ ಮೂರು ಮನೆಯವರು ಕೂತಿರುವಾಗ ವಾಟ್ಸಾಪ್‌ನಲ್ಲಿ ಬಂದ “ಹಾಯ್” ಗೆ ಯಾರು ಉತ್ತರ ಕೊಡುತ್ತಾರೆ? ಆಷಾಢದಲ್ಲಿ ಕೊಡಬಹುದು. ಉದ್ದಕ್ಕೆ ಕೊಡಬಹುದು. ನನ್ನ ಅನುಭವದಲ್ಲಿ ಸಣ್ಣ ಅಂಗಡಿಯ ಆನ್‌ಲೈನ್ ಮಾರ್ಕೆಟಿಂಗ್ ಅಂದರೆ ಬಹುಪಾಲು ಇಷ್ಟೇ: ಪುರುಸೊತ್ತಾಗಿ ಉತ್ತರ ಕೊಡುವುದು. ಉಳಿದದ್ದೆಲ್ಲ ಆಮೇಲೆ.

ಮಾಲು ಉಳಿದಾಗಲೇ ತಲೆ ಓಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಧದ ಮರ ವಿದೇಶಕ್ಕೆ ಹೋಗುವುದು ನಿಂತುಹೋಯಿತು. ಗಂಧ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿಸಿದರು. ಅದೇ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. ಆ ಸೋಪಿನ ಪ್ರಚಾರ ಹೇಗಿತ್ತು ನೋಡಿ. ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು. ಕರಾಚಿಯಲ್ಲಂತೂ ಒಂಟೆಗಳ ಮೆರವಣಿಗೆ! ಇವತ್ತಾಗಿದ್ದರೆ ಆ ಒಂಟೆಗಳು ರೀಲ್ಸ್‌ನಲ್ಲಿ ವೈರಲ್ ಆಗುತ್ತಿದ್ದವು ಬಿಡಿ. ಸರ್ಕಾರಕ್ಕೆ ಒಂಟೆ ಸಿಗುತ್ತದೆ, ನನಗೆ ಸಿಗುವುದು ಒಂದು ಫೋನು, ಒಂದು ಟ್ರೈಪಾಡು.

ಮೊದಲು ಫೋಟೊ ವಿಷಯ. ಅಂಗಡಿಯ ಎಲ್‌ಇಡಿ ಬೆಳಕಲ್ಲಿ ಇಳಕಲ್ ಸೀರೆಯ ಫೋಟೊ ತೆಗೆದರೆ ದಾಳಿಂಬೆ ಕೆಂಪು ಹೋಗಿ ಟೊಮೆಟೊ ಕೆಂಪಾಗುತ್ತದೆ. ನವಿಲು ಹಸಿರು ನೀಲಿಯಾಗಿ ಕಾಣುತ್ತದೆ. ಆನ್‌ಲೈನ್‌ನಲ್ಲಿ ಸೀರೆ ವಾಪಸ್ ಬರುವುದು ಬಹಳ ಸಲ ಇದೇ ಕಾರಣಕ್ಕೆ: “ಫೋಟೊದಾಗ ಬ್ಯಾರೆ ಇತ್ತು.” ಬೇಸಿಗೆಯ ಬಿಸಿಲಲ್ಲಿ ಹೊರಗೆ ಹಿಡಿದರೆ ಬಣ್ಣ ಬೆಳ್ಳಗಾಗಿ ಹಾರಿಹೋಗುತ್ತದೆ, ನೆರಳು ಕಪ್ಪಗೆ ಬೀಳುತ್ತದೆ. ಆದರೆ ಆಷಾಢದ ಮೋಡ ಇದೆಯಲ್ಲ, ಅದು ಫೋಟೊಗ್ರಾಫರ್ ಬಾಡಿಗೆಗೆ ತರುವ ದೊಡ್ಡ ಬಿಳಿ ಪರದೆಯ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಮೆತ್ತಗಿನ, ಒಂದೇ ಸಮನೆಯ ಬೆಳಕು. ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಬಾಗಿಲ ಹತ್ತಿರ ಸೀರೆ ಹರವಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಫೋನಿನ ಪರದೆಯನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ ತೆಗೆದರೆ ಸಾಕು. ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸುಳ್ಳು ಅಂತ ಲೆಕ್ಕ. ವರ್ಷಪೂರ್ತಿ ಬೇಕಾಗುವ ಕ್ಯಾಟಲಾಗ್ ಫೋಟೊಗಳನ್ನು ನಾನು ಈಗ ಈ ತಿಂಗಳಲ್ಲೇ ಮುಗಿಸಿಕೊಳ್ಳುತ್ತೇನೆ. ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗಿನಲ್ಲಿ 500 ವಸ್ತುಗಳವರೆಗೆ ಹಾಕಬಹುದು. ನನ್ನಂಥ ಅಂಗಡಿಗೆ ಅಷ್ಟು ಬೇಕಾಗುವುದೂ ಇಲ್ಲ.

ಫೋಟೊ ಆದಮೇಲೆ ಏನು ಹೇಳುವುದು ಅನ್ನುವ ಪ್ರಶ್ನೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿ ನೋಡಿದೆ. ಹಾಡು ಹಾಕಿ, ಸೀರೆ ಬಿಚ್ಚಿ, ಗಿರಗಿರ ತಿರುಗಿಸಿ, ಮೂವತ್ತು ಸೆಕೆಂಡಿನ ರೀಲು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ನಮ್ಮ ದೇಶಕ್ಕೆ ಬಂದ ಮೇಲೆ ಸೀರೆ ಅಂಗಡಿಯವರೆಲ್ಲ ಹಿಡಿದ ದಾರಿ ಇದು. ನೋಡಲು ಚಂದ. ಆದರೆ ಇಂಥ ರೀಲು ನೋಡಿದವರಿಗೆ ಯಾವ ಅಂಗಡಿ, ಯಾವ ಸೀರೆ ಅಂತ ಏನೂ ನೆನಪಿರುವುದಿಲ್ಲ. ಸೂರತ್ತಿನ ಸೀರೆಗೂ ಅದೇ ಹಾಡು, ಇಳಕಲ್‌ಗೂ ಅದೇ ಹಾಡು.

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಗಿರಾಕಿಗಳು ಬಾಯಿಬಿಟ್ಟು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಬರೆಯುವುದು. “ಅಕ್ಕಾರ, ಇದು ಮಗ್ಗದ್ದೋ ಮಷಿನ್ದೋ?” “ಬಣ್ಣ ಬಿಡ್ತೈತೇನ್ರೀ?” “ಸೆರಗು ಯಾಕ ಯಾವಾಗ್ಲೂ ಕೆಂಪೇ?” “ಆಫೀಸಿಗೆ ಉಡಬಹುದಾ?” “ನಮ್ಮವ್ವಂಗ ಹದಿನೆಂಟು ಮೊಳದ್ದು ಬೇಕಿತ್ತು, ಈಗೂ ಬರ್ತಾವೇನು?” ಒಂದೇ ಪ್ರಶ್ನೆ ಎರಡನೇ ಸಲ ಬಂದರೆ ಅದು ವೀಡಿಯೊ ಆಗಲು ಯೋಗ್ಯ ಅಂತ ನನ್ನ ನಿಯಮ. ಹಾಡಿಲ್ಲ, ತಿರುಗಾಟವಿಲ್ಲ. ಸೀರೆ, ನನ್ನ ಕೈ, ನನ್ನ ಧಾರವಾಡದ ಮಾತು, ಅಷ್ಟೇ. ಮುಖ ತೋರಿಸಲು ಸಂಕೋಚ ಇದ್ದವರಿಗೆ ಇದು ಒಳ್ಳೆಯದು. ಕೈ ಸಾಕು.

ಮಗ್ಗದ್ದೋ ಮಷಿನ್ದೋ ಅನ್ನುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆಯ ಗುಟ್ಟೆಲ್ಲ ಅದರಲ್ಲಿದೆ. ಸೀರೆಯ ಮೈಯ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಕುವ ಎಳೆ) ಒಂದು, ಸೆರಗಿನ ಹಾಸು ಇನ್ನೊಂದು. ಮೈಗೆ ಹತ್ತಿ ಇರಬಹುದು, ಸೆರಗಿಗೆ ಕೆಂಪು ರೇಷ್ಮೆ. ಎರಡೂ ಸೇರುವ ಜಾಗದಲ್ಲಿ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಟೋಪ್ ತೆನಿ ಅಂತ ಕರೆಯುವ ಈ ಸೆರಗು ಬೇಕಾದರೆ ಪ್ರತಿ ಸೀರೆಗೂ ಬೇರೆ ಬೇರೆ ಹಾಸು ತಯಾರು ಮಾಡಬೇಕು. ಹತ್ತು ಸೀರೆಗೆ ಒಂದೇ ಉದ್ದನೆಯ ಹಾಸು ಹಾಕಿ ನೇಯ್ದು ಕತ್ತರಿಸಲು ಆಗುವುದಿಲ್ಲ. ಹಾಗಾಗಿ ನಿಜವಾದ ಸೆರಗಿನಲ್ಲಿ ಕೆಂಪು ಅಚ್ಚ ಕೆಂಪು. ಹಾಸು ಬದಲಾಯಿಸದೆ ಹೊಕ್ಕು (ಅಡ್ಡ ಎಳೆ) ಮಾತ್ರ ಬದಲಾಯಿಸಿದ ಸೀರೆಯಲ್ಲಿ ಮೈಯ ಬಣ್ಣ ಸೆರಗಿನೊಳಗೂ ಇಣುಕುತ್ತದೆ. ಮೈ ಮತ್ತು ಸೆರಗು ಸೇರುವ ಕಡೆ ಬೆರಳಾಡಿಸಿದರೆ ಕೊಂಡಿಯ ಸಾಲು ಕೈಗೆ ಸಿಗುತ್ತದೆ.

ಇದನ್ನು ನಾನು ಕೌಂಟರಿನಲ್ಲಿ ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದೇನೆ. ವೀಡಿಯೊದಲ್ಲಿ ಹೇಳಿದಾಗ ಆದದ್ದು ಬೇರೆ. ಜನ ತಮ್ಮ ಮನೆಯ ಕಪಾಟು ತೆಗೆದು, ಹಳೆಯ ಸೀರೆಯ ಸೆರಗಿನ ಫೋಟೊ ಹೊಡೆದು ಕಳಿಸತೊಡಗಿದರು. “ಇದು ನಮ್ಮಜ್ಜಿದು, ಇದರಾಗ ಕೊಂಡಿ ಐತಿ ನೋಡ್ರಿ.” ಅಲ್ಲಿಂದ ಮುಂದಿನ ಆಟ ತಾನಾಗಿಯೇ ಹುಟ್ಟಿತು. ನಿಮ್ಮ ಅಜ್ಜಿಯ, ಅಮ್ಮನ ಇಳಕಲ್ ಸೀರೆಯ ಫೋಟೊ ಕಳಿಸಿ, ಅದರ ಅಂಚು ಯಾವುದು, ಸೆರಗು ಯಾವುದು ಅಂತ ನಾನು ಹೇಳುತ್ತೇನೆ ಅಂತ ಸ್ಟೇಟಸ್ ಹಾಕಿದೆ. ಮಾರುವ ಮಾತೇ ಇಲ್ಲ. ಪುಣೆಯಿಂದ ಬಂದವು, ಸೊಲ್ಲಾಪುರದಿಂದ ಬಂದವು, ಅಮೆರಿಕದಲ್ಲಿರುವ ಹುಬ್ಬಳ್ಳಿ ಕಡೆಯವರಿಂದಲೂ ಬಂದವು. ಚಿಕ್ಕಿ ಅಂಚು, ಗೋಮಿ ಅಂಚು, ಗಾಡಿ ದಡಿ, ಪರಾಸಪೇಟ. ಸೆರಗಿನ ಮೇಲೆ ಹಣಿಗೆ, ಕೋಟಿ ಕಮ್ಮಲಿ, ಜೋಳದ ತೆನೆಯ ಸಾಲು, ರಾಂಪ. ಒಬ್ಬರು ಗಿರಿ ಕುಂಕುಮ ಬಣ್ಣದ ಮದುವೆ ಸೀರೆ ಕಳಿಸಿದರು. ಇನ್ನೊಬ್ಬರದು ಕಪ್ಪು ಚಂದ್ರಕಾಳಿ, ಮೇಲೆ ತೇರು, ಗೋಪುರ, ಆನೆ ಅಂಬಾರಿಯ ಕಸೂತಿ. ಫೋಟೊ ಹಂಚಿಕೊಳ್ಳುವ ಮೊದಲು ಪ್ರತಿಯೊಬ್ಬರ ಒಪ್ಪಿಗೆ ಕೇಳಿದೆ. ಮುಖ ಇದ್ದ ಫೋಟೊ ಹಾಕಲಿಲ್ಲ, ಬರೀ ಬಟ್ಟೆ.

ಇದರಲ್ಲಿ ವ್ಯಾಪಾರ ಎಲ್ಲಿದೆ ಅಂತ ನಮ್ಮ ಮನೆಯಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆ ತಿಂಗಳು ವ್ಯಾಪಾರ ಏನೂ ಏರಲಿಲ್ಲ. ಆದರೆ ಎರಡು ಲಾಭ ಆಯಿತು. ಒಂದು, ಫೋಟೊ ಕಳಿಸಿದವರೆಲ್ಲ ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡರು. ಇದು ಸಣ್ಣ ಮಾತಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನರನ್ನು ಸೇರಿಸಬಹುದು. ಆದರೆ ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಆ ಸಂದೇಶ ಹೋಗುವುದೇ ಇಲ್ಲ. ಬೇರೆಯವರ ಹತ್ತಿರ ನಂಬರುಗಳ ಪಟ್ಟಿ ಕೊಂಡು ಸಂದೇಶ ಕಳಿಸುವವರು ಇದನ್ನು ಮರೆಯುತ್ತಾರೆ. ಅಪರಿಚಿತರು ಬ್ಲಾಕ್ ಮಾಡುತ್ತಾ ಹೋದರೆ ನಂಬರೇ ನಿಷೇಧವಾಗುವ ಅಪಾಯ ಬೇರೆ. ಗಿರಾಕಿಯೇ ನಮ್ಮನ್ನು ಸೇವ್ ಮಾಡಿಕೊಳ್ಳಲು ಒಂದು ಕಾರಣ ಬೇಕು. “ಅಜ್ಜಿ ಸೀರೆ ಬಗ್ಗೆ ಹೇಳ್ತಾರಲ್ಲ, ಅವರು” ಅನ್ನುವುದು ಒಳ್ಳೆಯ ಕಾರಣ.

ಎರಡನೆಯ ಲಾಭ, ಜನರಿಗೆ ಯಾವ ಬಣ್ಣ ಬೇಕು ಅಂತ ಗೊತ್ತಾಯಿತು. ನಾನು ಪೇಸ್ಟಲ್ ಬಣ್ಣಗಳನ್ನು ತರಿಸಿ ಇಟ್ಟಿದ್ದೆ, ಈಗಿನ ಹುಡುಗಿಯರಿಗೆ ಅದೇ ಇಷ್ಟ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಫೋಟೊಗಳ ಕೆಳಗೆ “ಇದೇ ಬಣ್ಣ ಸಿಗ್ತದ?” ಅಂತ ಕೇಳಿದವರು ತೋರಿಸಿದ್ದು ಹಳೆಯ ದಾಳಿಂಬೆ ಕೆಂಪು, ಗಿಳಿ ಹಸಿರು. ಕೇಳಿದವರಲ್ಲಿ ಹುಡುಗಿಯರೇ ಜಾಸ್ತಿ. ಅಜ್ಜಿಯ ಸೀರೆ ಹರಿದುಹೋಗಿದೆ, ಹಾಗೆಯೇ ಇನ್ನೊಂದು ಬೇಕು ಅನ್ನುವ ಆಸೆ. ಇದನ್ನು ಯಾವ ಮಾರ್ಕೆಟ್ ಸರ್ವೆ ನನಗೆ ಹೇಳಿಕೊಡುತ್ತಿತ್ತು?

ನಮ್ಮ ಕಡೆ ಆಷಾಢ ಹಿಡಿಯುವ ಹಿಂದಿನ ದಿನ ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಒಂದು ವರ್ಷ ಆ ಎತ್ತುಗಳಿಗೆ ಖಣದ ಚೂರುಗಳಿಂದ ಜೂಲು ಹೊದಿಸಿ, ಕೊಂಬಿಗೆ ಜರಿ ದಾರ ಸುತ್ತಿ ಒಂದು ರೀಲು ಮಾಡಿದೆ. ಬಹಳ ಓಡಿತು. ಊರ ಮಕ್ಕಳೆಲ್ಲ ಅಂಗಡಿಗೆ ಬಂದು ಖಣದ ಚೂರು ಕೇಳಿದರು, ಕೊಟ್ಟೆ. ಸೀರೆ ಮಾತ್ರ ಒಂದೂ ಹೋಗಲಿಲ್ಲ. ನೋಡುವವರ ಸಂಖ್ಯೆ ಏರುವುದಕ್ಕೂ ಗಲ್ಲಾಪೆಟ್ಟಿಗೆ ತುಂಬುವುದಕ್ಕೂ ಸಂಬಂಧ ಕಡಿಮೆ. ಆದರೂ ಪ್ರತಿ ವರ್ಷ ಮಾಡುತ್ತೇನೆ. ಮಜಾ ಇದೆ, ಅದಕ್ಕೆ.

ದುಡ್ಡು ಕೊಟ್ಟು ಜಾಹೀರಾತು ಹಾಕುವ ಬಗ್ಗೆ ಒಂದಿಷ್ಟು ಹೇಳಬೇಕು. ಪೋಸ್ಟ್ ಕೆಳಗೆ ‘ಬೂಸ್ಟ್’ ಅನ್ನುವ ಬಟನ್ ಇರುತ್ತದಲ್ಲ, ಒತ್ತಿದರೆ ಸಾಕು, ದುಡ್ಡು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ. ಅದರ ಬದಲು ಕ್ಲಿಕ್ ಮಾಡಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತನ್ನು ಊರು ಆರಿಸಿ ಹಾಕುವುದು ನನಗೆ ಸರಿ ಕಂಡಿತು. ಆಷಾಢದಲ್ಲಿ ಸಣ್ಣ ಮೊತ್ತ ಹಾಕಿ ಒಂದು ಪರೀಕ್ಷೆ ಮಾಡಿದೆ. ಒಂದೇ ಸೀರೆ, ಎರಡು ಫೋಟೊ. ಒಂದರಲ್ಲಿ ಬೆಲೆ ಬರೆದಿದೆ, ಇನ್ನೊಂದರಲ್ಲಿ ಇಲ್ಲ. ಬೆಲೆ ಇಲ್ಲದ್ದಕ್ಕೆ ಸಂದೇಶಗಳ ಸುರಿಮಳೆ. ಎಲ್ಲ ಒಂದೇ: “ಪ್ರೈಸ್ ಪ್ಲೀಸ್.” ಬೆಲೆ ಹೇಳಿದ ಮೇಲೆ ಮೌನ. ಬೆಲೆ ಬರೆದದ್ದಕ್ಕೆ ಬಂದ ಸಂದೇಶ ಕಡಿಮೆ. ಆದರೆ ಬಂದವರು ಕೇಳಿದ್ದು ಪೋಸ್ಟೇಜ್ ಎಷ್ಟು, ಎಷ್ಟು ದಿನಕ್ಕೆ ಮುಟ್ಟುತ್ತದೆ ಅಂತ. ಅವರು ಕೊಳ್ಳುವವರು. ಇನ್‌ಬಾಕ್ಸಿಗೆ ಬನ್ನಿ, ಬೆಲೆ ಹೇಳುತ್ತೇವೆ ಅನ್ನುವ ಪದ್ಧತಿ ನನಗೆ ಮೊದಲಿಂದ ಹಿಡಿಸಿಲ್ಲ. ಅಂಗಡಿಯಲ್ಲಿ ಬೆಲೆ ಚೀಟಿ ಇರುತ್ತದೆ, ಆನ್‌ಲೈನ್‌ನಲ್ಲಿ ಯಾಕೆ ಮುಚ್ಚಿಡಬೇಕು? ಈ ಪರೀಕ್ಷೆಯನ್ನು ದೀಪಾವಳಿ ಹೊತ್ತಲ್ಲಿ ಮಾಡಿದ್ದರೆ ಫಲಿತಾಂಶ ಗೊತ್ತಾಗುತ್ತಿರಲಿಲ್ಲ. ಆಗ ಯಾವ ಫೋಟೊ ಹಾಕಿದರೂ ಹೋಗುತ್ತದೆ. ಏನೂ ಹೋಗದ ತಿಂಗಳಲ್ಲಿ ಹೋದದ್ದು ಯಾವುದು ಅಂತ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ವಿವರ ಸರಿಮಾಡುವುದು, ಹೊಸ ಫೋಟೊ ಹಾಕುವುದು, ರಿವ್ಯೂಗಳಿಗೆ ಉತ್ತರ ಬರೆಯುವುದು ಬೇಜಾರಿನ ಕೆಲಸ. ಆದರೆ ಒಂದು ಮಳೆಗಾಲದ ಮಧ್ಯಾಹ್ನ ಸಾಕು, ದುಡ್ಡೂ ಬೇಡ. ಕೃಷಿ ವಿಶ್ವವಿದ್ಯಾಲಯಕ್ಕೋ, ಹೈಕೋರ್ಟ್ ಪೀಠಕ್ಕೋ ಹೊರಗಿನಿಂದ ಬಂದವರು ವಾಪಸ್ ಹೋಗುವ ಮುಂಚೆ ಫೋನಿನಲ್ಲಿ ಹುಡುಕುವುದು ಎರಡು: ಪೇಢಾ ಮತ್ತು ಸೀರೆ. ಪೇಢಾಕ್ಕೆ ಹುಡುಕುವುದೇ ಬೇಡ ಅನ್ನಿ.

ಈ ಆಟಗಳಿಗೆಲ್ಲ ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. ಆ ವರ್ಷ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಲು ಧಾರವಾಡದ ಕಸೂತಿ ಇದ್ದ ಕೆಂಪು ಇಳಕಲ್ ಸೀರೆ ಉಟ್ಟು ಬಂದಿದ್ದರು. ಅಂಗಡಿಗೆ ಬಂದವರು ‘ಬಜೆಟ್ ಸೀರೆ’ ಅಂತಲೇ ಕೇಳುತ್ತಿದ್ದರು. ಬಜೆಟ್ಟಿನಲ್ಲಿ ಬರುವ ಸೀರೆ ಅಂದುಕೊಂಡವರೂ ಇದ್ದರು, ಕಸೂತಿಯ ಬೆಲೆ ಕೇಳಿ ಅವರ ಮುಖ ಸಣ್ಣಗಾಯಿತು. ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ಥರ ಕಾಣುವಂತೆ ಗವಂತಿ ಹೊಲಿಗೆ ಹಾಕುವುದು ಅಂದರೆ ಸುಮ್ನೆ ಆಗುತ್ತದಾ? ಅದಿರಲಿ. ವರ್ಷ ಚೆನ್ನಾಗಿ ಶುರುವಾಯಿತು. ಆದರೆ ಪಂಚಾಂಗ ಬೇರೆಯೇ ಹೇಳುತ್ತಿತ್ತು. ಜೂನ್ 19ಕ್ಕೆ ಆಷಾಢ ಶುರು. ಅದು ಮುಗಿದ ಮೇಲೆ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಅಂದರೆ ಹತ್ತಿರ ಹತ್ತಿರ ಎರಡು ತಿಂಗಳು ಮದುವೆಯೂ ಇಲ್ಲ, ಹಬ್ಬವೂ ಇಲ್ಲ. ನಾಗರ ಪಂಚಮಿ ಆಗಸ್ಟ್ 21ಕ್ಕೆ ಹೋಗಿ ಕೂತಿತ್ತು.

ಉತ್ತರ ಕರ್ನಾಟಕದಲ್ಲಿ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರುತ್ತಾರೆ, ಉಂಡಿ ತಿನ್ನುತ್ತಾರೆ, ಜೋಕಾಲಿ ಆಡುತ್ತಾರೆ. ಅಣ್ಣ ತಮ್ಮಂದಿರು ಸೀರೆ ಕೊಡಿಸಬೇಕು. ನಮ್ಮ ವರ್ಷದ ಅರ್ಧ ಲೆಕ್ಕ ಆ ಹಬ್ಬದ ಮೇಲೆ. ಅದು ತಿಂಗಳು ಮುಂದೆ ಹೋದರೆ ನಮಗಿಂತ ಜಾಸ್ತಿ ಒದ್ದಾಡುವವರು ನೇಕಾರರು. ಮಳೆಗಾಲದಲ್ಲಿ ಗುಂಡಿ ಮಗ್ಗಕ್ಕೆ ತೇವ ಏರುತ್ತದೆ. ಗಂಜಿ ಹಾಕಿದ ಹಾಸು ಒಣಗುವುದಿಲ್ಲ. ಕೆಲಸ ನಿಧಾನ. ಅಂಗಡಿಯವರು ಮಾಲು ಎತ್ತುವುದಿಲ್ಲ, ಕೂಲಿಯೂ ತಡ.

ಆಗ ಹಳೆಯ ಸೀರೆಗಳ ಫೋಟೊ ಪಟ್ಟಿ ಕೈಗೆ ಬಂತು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುವ ಸೌಲಭ್ಯ ಇದೆ. “ಇದೇ ಬಣ್ಣ ಸಿಗ್ತದ?” ಅಂತ ಕೇಳಿದವರಿಗೆಲ್ಲ ನಾನು ‘ಅಜ್ಜಿ ಸೀರೆ’ ಅಂತ ಲೇಬಲ್ ಹಾಕಿಟ್ಟಿದ್ದೆ. ಅವರಿಗೆ ಮಾತ್ರ ಬರೆದೆ. ಪ್ರತಿ ಇಳಕಲ್ ಸೀರೆಗೂ ಬೇರೆ ಹಾಸು ಹಾಕಲೇಬೇಕು, ಹಾಗಾಗಿ ನಿಮ್ಮ ಬಣ್ಣದಲ್ಲಿ ಒಂದೇ ಒಂದು ಸೀರೆ ನೇಯಿಸುವುದು ಕಷ್ಟವೇನಲ್ಲ. ಅರ್ಧ ದುಡ್ಡು ಮುಂಗಡ ಕೊಡಿ, ಪಂಚಮಿಗೆ ಸೀರೆ ಕೈಗೆ. ನೇಕಾರಿಕೆಯ ತೊಡಕು ಅಂತ ಅಲ್ಲಿಯವರೆಗೆ ಎಲ್ಲರೂ ಹೇಳುತ್ತಿದ್ದದ್ದು ಇಲ್ಲಿ ಅನುಕೂಲವಾಗಿ ತಿರುಗಿತು. ಉದ್ದ ಹಾಸಿನ ಮಷಿನ್ ಸೀರೆಯವರು ಒಬ್ಬರಿಗೋಸ್ಕರ ಒಂದು ಬಣ್ಣ ಮಾಡಿಕೊಡಲು ಆಗುವುದಿಲ್ಲ.

ಎಲ್ಲರೂ ಒಪ್ಪಲಿಲ್ಲ. ಮುಂಗಡ ಅಂದ ಕೂಡಲೇ ಕೆಲವರು ಹಿಂದೆ ಸರಿದರು. ಅವರ ತಪ್ಪೇನೂ ಇಲ್ಲ, ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಂಡು ಮಾಯವಾಗುವವರು ಎಷ್ಟಿಲ್ಲ? ನಮಗೂ ಒಬ್ಬರು ಯುಪಿಐ ಪಾವತಿಯ ಸುಳ್ಳು ಸ್ಕ್ರೀನ್‌ಶಾಟ್ ಕಳಿಸಿದ್ದರು. ಬ್ಯಾಂಕಿನ ಸಂದೇಶ ಬಂದಿದೆಯಾ ಅಂತ ನೋಡದೆ ಪಾರ್ಸೆಲ್ ಕಟ್ಟುವುದಿಲ್ಲ ಅನ್ನುವುದು ಗಟ್ಟಿಯಾದದ್ದು ಅಲ್ಲಿಂದ. ನಂಬಿಕೆ ಎರಡೂ ಕಡೆಗೆ ಬೇಕಲ್ವಾ? ಅದಕ್ಕೆ ಮುಂಗಡ ಕೊಟ್ಟವರಿಗೆ ಪ್ರತಿ ಹಂತದ ವೀಡಿಯೊ ಕಳಿಸಿದೆವು. ನೂಲಿಗೆ ಬಣ್ಣ ಹಾಕುವುದು, ಹಾಸು ಹಚ್ಚುವುದು, ಕೊಂಡಿ ಹಾಕುವುದು, ಲಾಳಿ ಓಡುವುದು. ನೇಕಾರರ ಮನೆಯ ಹುಡುಗನೇ ತನ್ನ ಫೋನಿನಲ್ಲಿ ತೆಗೆದು ಕಳಿಸುತ್ತಿದ್ದ. ಅವುಗಳಲ್ಲಿ ಕೋಳಿ ಕೂಗುವುದು ಕೇಳುತ್ತದೆ, ಹಿಂದೆ ಯಾರೋ ಬೈಯುವುದು ಕೇಳುತ್ತದೆ. ಎಡಿಟ್ ಮಾಡಬೇಡ ಅಂತ ಹೇಳಿದೆ. ಸೀರೆ ತರಿಸಿಕೊಂಡವರು ಆ ವೀಡಿಯೊಗಳನ್ನು ತಮ್ಮ ಮನೆಯ ಗ್ರೂಪಿಗೆ ಹಾಕಿದರು. ಅಲ್ಲಿಂದ ಹೊಸಬರು ಬಂದರು. ಇದಕ್ಕೆ ನಾನು ಒಂದು ರೂಪಾಯಿ ಜಾಹೀರಾತಿಗೆ ಹಾಕಿಲ್ಲ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಸ್ವದೇಶಿ ಚಳವಳಿ ಶುರುವಾಯಿತು ಅಂತ 2015ರಿಂದ ಆಚರಿಸುತ್ತಾರೆ. ಆ ವರ್ಷ ಅದು ಅಧಿಕ ಮಾಸದ ನಡುಮಧ್ಯೆ ಬಂತು. ಎಲ್ಲರೂ ಶುಭಾಶಯದ ಪೋಸ್ಟರ್ ಹಾಕಿದರು. ಹಬ್ಬಕ್ಕೊಂದು ಪೋಸ್ಟರ್, ಮೂಲೆಯಲ್ಲಿ ಅಂಗಡಿಯ ಲೋಗೊ. ಇದರಿಂದ ಯಾರಿಗೆ ಏನು ಉಪಯೋಗ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನಾವು ಅವತ್ತು ಪೋಸ್ಟರ್ ಬದಲು ಮಗ್ಗದಿಂದ ಒಂದು ಲೈವ್ ಮಾಡಿದೆವು. ನೆಟ್‌ವರ್ಕ್ ಎರಡು ಸಲ ಹೋಯಿತು. ನೋಡಿದವರು ಬೆರಳೆಣಿಕೆಯಷ್ಟು ಜನ. ಆದರೆ ಅವರು ಕೇಳಿದ ಪ್ರಶ್ನೆಗಳಿಗೆ ನೇಕಾರರೇ ಉತ್ತರ ಕೊಟ್ಟರು, ನನಗಿಂತ ಚೆನ್ನಾಗಿ. “ದಿನಕ್ಕ ಎಷ್ಟು ನೇಯ್ತೀರಿ?” ಅಂದಿದ್ದಕ್ಕೆ “ಕರೆಂಟು ಹೋಗಲಿ, ಮಳಿ ಬರಲಿ, ನಮ್ಮಾಕಿ ಚಹಾ ಕೊಟ್ಟರ ನೇಯ್ತೀನಿ” ಅಂದರು.

ಅಧಿಕ ಮಾಸದಲ್ಲಿ ಇನ್ನೊಂದು ದಾರಿಯೂ ಕಣ್ಣಿಗೆ ಬಿತ್ತು. ಮದುವೆ ಇಲ್ಲ ನಿಜ. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಮಗಳು ಅಳಿಯನನ್ನು ಕರೆದು ಬಾಗಿನ ಕೊಡುತ್ತಾರೆ. 33 ಅನಾರಸ ಅನ್ನುವ ಸಿಹಿ ತಿಂಡಿ, ದೀಪ, ಅದರ ಜೊತೆ ಬಟ್ಟೆ. ಖಣ ಇಲ್ಲದೆ ಉಡಿ ತುಂಬುವುದಿಲ್ಲ. ಮಗಳು ಬೆಂಗಳೂರಲ್ಲೋ ಪುಣೆಯಲ್ಲೋ ಇದ್ದು ಬರಲಾಗದಿದ್ದರೆ? ಅಂಥವರಿಗೆ ಖಣ, ಸೀರೆ, ಕುಂಕುಮ ಸೇರಿಸಿ ಕಟ್ಟಿ ಕಳಿಸುವ ಪಾರ್ಸೆಲ್ ಮಾಡಿದೆವು. ಅಪ್ಪ ಅಮ್ಮ ವಾಟ್ಸಾಪ್‌ನಲ್ಲಿ ಆರಿಸಿದರು, ಮಗಳ ವಿಳಾಸಕ್ಕೆ ಸ್ಪೀಡ್ ಪೋಸ್ಟ್. ಒಬ್ಬ ತಾಯಿ ಪಾರ್ಸೆಲ್ ಒಳಗೆ ಇಡಲು ಕೈಬರಹದ ಚೀಟಿಯ ಫೋಟೊ ಕಳಿಸಿ, ಪ್ರಿಂಟ್ ಮಾಡಿ ಹಾಕಿ ಅಂದರು. ಅದಾದ ಮೇಲೆ ಎಲ್ಲರಿಗೂ ಕೇಳತೊಡಗಿದೆವು, ಚೀಟಿ ಇದೆಯಾ ಅಂತ. ಶುಭಕಾರ್ಯ ಇಲ್ಲದ ತಿಂಗಳು ಅಂತ ನಾವು ಅಂದುಕೊಂಡದ್ದು ಅರ್ಧ ಸತ್ಯ. ಪಂಚಾಂಗವನ್ನು ಗಿರಾಕಿಯ ಮನೆಯ ಕಡೆಯಿಂದ ಓದಿದರೆ ಖಾಲಿ ತಿಂಗಳಲ್ಲೂ ಏನಾದರೂ ಒಂದು ಕೊಡುಕೊಳ್ಳುವುದು ಇದ್ದೇ ಇರುತ್ತದೆ.

ಒಂದು ಎಚ್ಚರಿಕೆಯ ಮಾತು. ಇದೆಲ್ಲ ಓದಿ ಆನ್‌ಲೈನ್‌ನಿಂದಲೇ ಅಂಗಡಿ ನಡೆಯುತ್ತದೆ ಅಂದುಕೊಳ್ಳಬೇಡಿ. ನನ್ನ ವ್ಯಾಪಾರದಲ್ಲಿ ಹೆಚ್ಚಿನ ಪಾಲು ಈಗಲೂ ಬಾಗಿಲಿಂದ ಒಳಗೆ ಬರುವವರದ್ದೇ. ಆಷಾಢದ ಬಾಡಿಗೆ ಈಗಲೂ ಮೇ ತಿಂಗಳ ಮದುವೆ ದುಡ್ಡಿನಿಂದಲೇ ಕಟ್ಟುವುದು. ಫೋನಿನ ಮುಂದೆ ಕೂತರೆ ಸಮಯ ಹೋಗುವುದೂ ಗೊತ್ತಾಗುವುದಿಲ್ಲ, ಬೇರೆ ಅಂಗಡಿಯವರ ರೀಲು ನೋಡುತ್ತಾ ಹೊಟ್ಟೆ ಉರಿಸಿಕೊಳ್ಳುವುದೂ ಉಂಟು. ಅದಕ್ಕೆ ಮಧ್ಯಾಹ್ನ ಮೂರರಿಂದ ಐದು ಅಂತ ಹೊತ್ತು ಇಟ್ಟುಕೊಂಡಿದ್ದೇನೆ. ಐದಕ್ಕೆ ಫೋನು ಕೆಳಗೆ.

2026ರಲ್ಲಿ ಅಧಿಕ ಮಾಸ ಜ್ಯೇಷ್ಠಕ್ಕೆ, ಮೇ 17ರಿಂದ ಜೂನ್ 15ರವರೆಗೆ. ಮದುವೆ ಸೀಸನ್ನಿನ ನಡುವೆಯೇ ಒಂದು ದೊಡ್ಡ ತೂತು. ಆಷಾಢ ಜುಲೈ ಮಧ್ಯಕ್ಕೆ. ಬಾಗಿನದ ಪಾರ್ಸೆಲ್ ಪಟ್ಟಿಗೆ ಹೊಸ ಫೋಟೊ ಬೇಕು, ಆದರೆ ಮೇ ಬಿಸಿಲಲ್ಲಿ ಮೋಡದ ಬೆಳಕು ಸಿಗುವುದಿಲ್ಲ, ಹಿಂದಿನ ಮಳೆಗಾಲದ ಫೋಟೊಗಳೇ ಗತಿ. ಗುಳೇದಗುಡ್ಡದ ಖಣದ ಬಗ್ಗೆ ವೀಡಿಯೊ ಮಾಡಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳು ಕೂತಿವೆ. “ಇದರಾಗ ಬರೇ ಕುಪ್ಪಸ ಹೊಲಿಸೋದೋ, ಹುಡುಗರಿಗೆ ಜುಬ್ಬಾನೂ ಆಗ್ತದೋ?” ಅನ್ನುವುದು ಮೇಲಿನ ಸಾಲಿನಲ್ಲೇ ಇದೆ. ನಮ್ಮ ಹುಡುಗಿ ಜುಬ್ಬಾ ಹೊಲಿಸಿಯೇ ನೋಡೋಣ ಅನ್ನುತ್ತಿದ್ದಾಳೆ. ದರ್ಜಿಗೆ ಬಟ್ಟೆ ಕೊಟ್ಟಾಗಿದೆ.